ನಿಲ್ಲು ಅನ್ನುವವರೆಗೆ

ಡ್ರಿಲ್ ಮೇಷ್ಟ್ರಾದವನು ಮಕ್ಕಳ ಜೊತೆ ತಾನೂ ಕುಪ್ಪಳಿಸಬೇಕೋ ಅಥವಾ ನಿಂತು ಎಣಿಸಿದರೆ ಸಾಕೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಒಬ್ಬ ಮನುಷ್ಯನ ಇಪ್ಪತ್ತಾರು ವರ್ಷದ ನೌಕರಿ, ಒಂದು ಸೀಟಿ, ವರ್ಷಕ್ಕೊಂದು ಜೊತೆಯಂತೆ ಬಂದು ಅಷ್ಟಾಗಿ ಸವೆಯದೆ ಉಳಿದ ಬಿಳಿ ಕ್ಯಾನ್ವಾಸ್ ಬೂಟುಗಳು, ಮತ್ತು ಐವತ್ತೊಂದನೇ ವಯಸ್ಸಿಗೆ ತಕ್ಕಮಟ್ಟಿಗೆ ಬೆಳೆದ ಒಂದು ಹೊಟ್ಟೆ, ಇಷ್ಟೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿದ್ದವು. ಅವನ ನಿಲುವು ಮೊದಲಿನಿಂದಲೂ ಖಚಿತವಾಗಿತ್ತು. ಹಡಗಿನ ಕಪ್ತಾನ ಹುಟ್ಟು ಹಾಕುವುದಿಲ್ಲ, ನ್ಯಾಯಾಧೀಶ ಜೈಲಿಗೆ ಹೋಗುವುದಿಲ್ಲ, ಡ್ರಿಲ್ ಮೇಷ್ಟ್ರು ಎಣಿಸುತ್ತಾನೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕರ ಆಚೆಗೆ ಅವನ ಗಣಿತ ಹೋದದ್ದಿಲ್ಲ, ಹೋಗುವ ಅಗತ್ಯವೂ ಬಂದಿರಲಿಲ್ಲ. ರೋಗ ಬಂದು, ಶಾಲೆಗೆ ಬೀಗ ಬಿದ್ದು, ಪಾಠಗಳೆಲ್ಲ ಫೋನಿನೊಳಗೆ ಇಳಿದ ಮೇಲೆ ಹೆಡ್ ಮೇಡಂ ಒಂದು ದಿನ ಅವನಿಗೆ ಫೋನ್ ಮಾಡಿ, ಬೆಳಿಗ್ಗೆ ಆರೂವರೆಯಿಂದ ನಲವತ್ತು ನಿಮಿಷ ಏಳನೇ ತರಗತಿಗೆ ಡ್ರಿಲ್ ಮಾಡಿಸಬೇಕು ಅಂದರು. "ಮಕ್ಕಳು ಮನೇಲಿ ಕೂತು ಕೂತು ಮೂಟೆ ಆಗ್ತಿದಾರಂತೆ. ಪೋಷಕರ ದೂರು." ಸರಿ ಮೇಡಂ, ಎಣಿಸ್ತೀನಿ, ಅಂದ. "ಎಣಿಸೋಕೆ ಗಡಿಯಾರ ಇದೆ ಮೇಷ್ಟ್ರೇ. ನೀವು ಮಾಡಿ ತೋರಿಸ್ಬೇಕು."

ಹಾಗಾಗಿ ದಿನವೂ ಬೆಳಿಗ್ಗೆ ಅವನ ಕೋಣೆಯಲ್ಲಿ ಒಂದು ಏರ್ಪಾಡು ನಡೆಯುತ್ತಿತ್ತು. ನೆಲದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬ, ಡಬ್ಬಕ್ಕೆ ಒರಗಿಸಿದ ಫೋನು. ಕೆಳಗಿನ ಮನೆಯವರು ಎರಡನೇ ದಿನವೇ ಪೊರಕೆಯ ಹಿಡಿಯಿಂದ ತಮ್ಮ ಸೂರಿಗೆ, ಅಂದರೆ ಇವನ ನೆಲಕ್ಕೆ, ಮೂರು ಸಲ ಕುಟ್ಟಿದ್ದರಿಂದ ಕಾಲಡಿಗೆ ನಾಲ್ಕು ಮಡಿಕೆಯ ಕಂಬಳಿ. ಫೋನಿನ ಗಾಜಿನಲ್ಲಿ ಕಪ್ಪು ಚೌಕಗಳು, ಒಟ್ಟು ನಲವತ್ತೊಂದು, ಒಂದು ಪುಟಕ್ಕೆ ಹಿಡಿಸದೆ ಬೆರಳಲ್ಲಿ ಸರಿಸಿದರೆ ಮಾತ್ರ ಉಳಿದವು ಕಾಣುವಷ್ಟು. ಹೆಸರು ಹಾಕಿದರೆ ಮಕ್ಕಳು ಒಬ್ಬರನ್ನೊಬ್ಬರು ರೇಗಿಸುತ್ತಾರೆಂದು ಆಫೀಸಿನ ಗುಮಾಸ್ತೆ ಬರೀ ಹಾಜರಿ ಸಂಖ್ಯೆ ಹಾಕಿಸಿದ್ದಳು. ಒಂಬತ್ತು, ಹದಿನೇಳು, ಇಪ್ಪತ್ತಮೂರು. ಯಾರ ಮುಖವೂ ಇಲ್ಲ. ಕ್ಯಾಮೆರಾ ಹಾಕಿದರೆ ನೆಟ್ ತಿನ್ನುತ್ತದೆ ಎಂದು ಮೊದಲ ದಿನ ಯಾರದೋ ತಾಯಿ ಅಂದದ್ದನ್ನು ಉಳಿದವರೆಲ್ಲ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬೆಳಕಿದ್ದದ್ದು ಒಂದೇ ಚೌಕದಲ್ಲಿ. ಅದರೊಳಗೆ, ಕೆಳಗಿನಿಂದ ಕಾಣುತ್ತಿದ್ದ ಕಾರಣ ಮುಖಕ್ಕಿಂತ ಗದ್ದವೇ ಹೆಚ್ಚಾಗಿದ್ದ ಒಬ್ಬ ಗಂಡಸು, ಯಾರೋ ಬಂದೂಕು ತೋರಿಸಿದ ಹಾಗೆ ಎರಡೂ ಕೈ ಎತ್ತುತ್ತಿದ್ದ, ಇಳಿಸುತ್ತಿದ್ದ. ಹೊರಗೆ ಎಲ್ಲರ ಬಾಯಲ್ಲಿ ಅವನು ಬಹುವಚನ, ಮೇಷ್ಟ್ರು ಬಂದರು, ಮೇಷ್ಟ್ರು ಹೋದರು. ಮಕ್ಕಳ ಬಾಯಲ್ಲಿ, ಅವನ ಬೆನ್ನ ಹಿಂದೆ, ಪೀಪಿ. ಈ ಕೋಣೆಯೊಳಗೆ ಕಂಬಳಿಯ ಮೇಲೆ ನಿಂತಾಗ ಮಾತ್ರ ಏಕವಚನವೇ ಸರಿ ಅನ್ನಿಸುತ್ತಿತ್ತು. ಒಂದು ದಿನ, ಆ ಕಡೆ ಯಾರಾದರೂ ಇದ್ದಾರೆಯೇ ನೋಡೋಣವೆಂದು, ಕೈಗಳನ್ನು ಮೇಲೆತ್ತಿ ಎಣಿಸದೆ ಹಾಗೆಯೇ ನಿಂತ. ತೋಳು ನಡುಗುವವರೆಗೂ ನಿಂತ. ಏನಾಯ್ತು ಸಾರ್ ಎಂದು ಯಾರೂ ಕೇಳಲಿಲ್ಲ. ಕೊನೆಗೆ "ಶಭಾಷ್, ಎಲ್ಲರೂ ಚೆನ್ನಾಗಿ ಮಾಡ್ತಿದೀರಿ" ಅಂದು ಕೈ ಇಳಿಸಿದ. ಸುಳ್ಳು ಹೇಳಿದ್ದಕ್ಕಲ್ಲ, ಕೇಳುವವರೇ ಇಲ್ಲದ ಕಡೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು.

ಮೇಡಂ ಕಳಿಸಿದ್ದ ಒಂದು ಹಾಳೆಯಿತ್ತು: ಸಾಂಕ್ರಾಮಿಕದ ದಿನಗಳಲ್ಲಿ ದೇಹವನ್ನು ಚಟುವಟಿಕೆಯಿಂದ ಇಟ್ಟುಕೊಳ್ಳುವುದರ ಪ್ರಯೋಜನಗಳು. ದಿನಕ್ಕೊಂದರಂತೆ ಓದಿ ಹೇಳಬೇಕೆಂದು ಆಜ್ಞೆ. ನಿದ್ದೆ ಚೆನ್ನಾಗಿ ಬರುತ್ತದೆ. ಉಸಿರಾಟ ಸುಧಾರಿಸುತ್ತದೆ. ಕಾಯಿಲೆಯಿಂದ ಎದ್ದವರ ಕೈಕಾಲಿಗೆ ಬಲ ಮರಳುತ್ತದೆ. ಬೇರೆಯವರ ಮನೆಗೆ ಬಂದ ಕಾಗದವನ್ನು ಓದಿ ಹೇಳುವವನ ಹಾಗೆ ಅವನು ಓದುತ್ತಿದ್ದ. ಎಂಟನೆಯದು, ಒಂಟಿತನ ಕಡಿಮೆಯಾಗುತ್ತದೆ ಎಂದಿತ್ತು. ಅದನ್ನು ನಲವತ್ತೊಂದು ಕಪ್ಪು ಚೌಕಗಳಿಗೆ ಓದಿ, ಸ್ವಲ್ಪ ಕಾದು, ಮಾರನೇ ದಿನ ಒಂಬತ್ತನೆಯದಕ್ಕೆ ಹೋದ. ಸಂಕಟದ ವಿಷಯವೆಂದರೆ ಹಾಳೆ ನಿಜವನ್ನೇ ಹೇಳುತ್ತಿತ್ತು. ಮೊದಲ ದಿನ ಎಂಟು ಸಲ ಹಾರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದುಕೊಂಡಿದ್ದವನು ನಾಲ್ಕನೇ ವಾರಕ್ಕೆ ಅರವತ್ತು ಹಾರುತ್ತಿದ್ದ. ಬಗ್ಗಿದಾಗ, ಬಹಳ ವರ್ಷಗಳಿಂದ ಭೇಟಿಯಿಲ್ಲದ ತನ್ನ ಕಾಲಿನ ಹೆಬ್ಬೆರಳು ಕೈಗೆ ಸಿಕ್ಕಿತು. ಉಗುರು ಬೆಳೆದಿತ್ತು, ಪರಸ್ಪರ ಸ್ವಲ್ಪ ಮುಜುಗರವಾಯಿತು. ಮೂಗುಬಾಯಿ ಮುಚ್ಚಿಕೊಂಡು ಅಂಗಡಿಯ ಮುಂದೆ ಬಿಳಿ ವೃತ್ತಗಳಲ್ಲಿ ನಿಂತು ತಂದ ಸಾಮಾನಿನ ಚೀಲವನ್ನು ಮೂರು ಮಹಡಿ ಎಲ್ಲೂ ಇಳಿಸದೆ ಹತ್ತಿಸಿದ ದಿನ, ಬಾಗಿಲು ತೆರೆದು ಒಳಗೆ ಬಂದು, ಇದನ್ನು ಯಾರಿಗೆ ಹೇಳುವುದೆಂದು ಚೀಲ ಹಿಡಿದೇ ನಿಂತಿದ್ದ. ಮೈಗೆ ಇಷ್ಟು ಹಿತವಾಗುವ ಈ ವಸ್ತುವನ್ನು ಇಪ್ಪತ್ತಾರು ವರ್ಷ ಅವನು ಕೊಟ್ಟದ್ದು ಹೇಗೆ? ಮಾತಾಡಿದರೆ ಐವತ್ತು ಬಸ್ಕಿ. ತಡವಾಗಿ ಬಂದರೆ ಹತ್ತು ಸುತ್ತು. ನಕ್ಕರೆ ಲೆಕ್ಕವಿಲ್ಲ. ಅವನ ಕೈಯಲ್ಲಿ ಕಲಿತ ಮಕ್ಕಳು ದೊಡ್ಡವರಾಗಿ ಓಡುವವರನ್ನು ಕಂಡರೆ, ಇವರು ಏನು ತಪ್ಪು ಮಾಡಿರಬಹುದು ಅಂದುಕೊಳ್ಳುತ್ತಾರೇನೋ.

ವಾರಕ್ಕೊಮ್ಮೆ ಅಕ್ಕನ ಫೋನು ಬರುತ್ತಿತ್ತು. ಅವಳು ಮೂರು ಬಸ್ಸು ದೂರದಲ್ಲಿದ್ದಳು, ಬಸ್ಸುಗಳಿರಲಿಲ್ಲ.

"ಏನೋ, ಇನ್ನೂ ಕುಣೀತಿದೀಯಾ?"

"ಡ್ರಿಲ್ ಅಕ್ಕ."

"ಅದೇ. ಯಾರು ನೋಡ್ತಾರೆ?"

"ನಲವತ್ತೊಂದು ಜನ."

"ನೋಡೋದಲ್ಲ, ಯಾರಾದ್ರೂ ಮಾಡ್ತಾರಾ?"

"ಗೊತ್ತಿಲ್ಲ."

"ಗೊತ್ತಿಲ್ದೆ ಐದು ವಾರದಿಂದ ಎಗರಾಡ್ತಿದೀಯಲ್ಲೋ. ನಿನ್ನದೊಂದು ಹಳೇ ಫೋಟೋ ಡಬ್ಬಕ್ಕೆ ಒರಗಿಸಿಟ್ಟು ಮಲ್ಕೊ. ಅವರೂ ಹಾಗೇ ತಾನೇ ಮಾಡ್ತಿರೋದು."

ಅವಳ ಮಾತಿನಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ. ಆದರೂ ಯಾರಾದರೂ ಒಬ್ಬರು ಇದ್ದರೆ? ನಲವತ್ತೊಂದರಲ್ಲಿ ಒಂದು ಚೌಕದ ಹಿಂದೆ, ಒಂದು ಮನೆಯ ಒಂದು ಮೂಲೆಯಲ್ಲಿ, ಒಬ್ಬರಾದರೂ ಇವನು ಒಂದು ಅಂದಾಗ ಕೈ ಎತ್ತಿ ಎರಡು ಅಂದಾಗ ಇಳಿಸುತ್ತಿದ್ದರೆ? ಅವನಿಗೆ ಬೇಕಿದ್ದದ್ದು ಅಷ್ಟೇ. ಹಲ್ಲುಜ್ಜುವಾಗ, ಅನ್ನ ಬಸಿಯುವಾಗ, ಕಿಟಕಿಯಾಚೆ ಎದುರು ಮನೆಯಾತ ಸತ್ತ ಗಿಡಕ್ಕೆ ನಿಷ್ಠೆಯಿಂದ ನೀರು ಹಾಕುವುದನ್ನು ನೋಡುವಾಗ ಅವನು ಅದನ್ನೇ ಯೋಚಿಸುತ್ತಿದ್ದ. ಒಬ್ಬರು. ಅದಕ್ಕಿಂತ ಹೆಚ್ಚು ಕೇಳುವ ಯೋಗ್ಯತೆ ತನಗಿದೆಯೆಂದು ಅವನಿಗೂ ಅನ್ನಿಸುತ್ತಿರಲಿಲ್ಲ.

ಆರನೇ ವಾರದ ಗುರುವಾರ ಅವನು ನಿಂತಲ್ಲೇ ಓಡುತ್ತಿದ್ದ. ಪಾಠದ ನಡುಭಾಗ ಅದು; ಮಂಡಿ ಎದೆಯ ಕಡೆಗೆ ಬರಬೇಕು, ಹಿಮ್ಮಡಿ ನೆಲಕ್ಕೆ ತಾಗಬಾರದು. ಕಂಬಳಿ ಸ್ವಲ್ಪ ಸರಿದು ನೆಲ ಅದುರಿ ಡಬ್ಬ ಅಲುಗಿತು. ಫೋನು ಒಮ್ಮೆ ಅವನಿಗೆ ತಲೆಬಾಗಿದಂತೆ ಮಾಡಿ ಮುಖ ಕೆಳಗಾಗಿ ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಅವನ ಕಡೆಯ ಸಂಪರ್ಕ ಕಡಿದುಹೋಗಿತ್ತು. ಮತ್ತೆ ಒಳಹೋಗಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಬೇಕು ಎಂದು ತಿಳಿದಿತ್ತು. ತಿಳಿದೂ ಫೋನನ್ನು ಮತ್ತೆ ನೆಲದ ಮೇಲೆ, ಅದು ಬಿದ್ದಿದ್ದ ಹಾಗೆಯೇ, ಮುಖ ಕೆಳಗಾಗಿ ಇಟ್ಟ. ಇವತ್ತು ಮೇಷ್ಟ್ರು ಬಂದಿಲ್ಲವಂತೆ ಎಂದು ಯಾರೋ ಕಿವಿಯಲ್ಲಿ ಹೇಳಿದ ಹಾಗೆ, ಐವತ್ತೊಂದು ವರ್ಷದ ಎದೆಯೊಳಗೆ ಒಂದು ಮಗು ಖುಷಿಯಿಂದ ಕೂತುಬಿಟ್ಟಿತು. ಚಹಾ ಮಾಡಿದ. ಸಕ್ಕರೆ ಒಂದು ಚಮಚ ಹೆಚ್ಚಿಗೆ ಹಾಕಿದ. ಲೋಟ ಹಿಡಿದು ಕಿಟಕಿಯ ಹತ್ತಿರ ಕೂತು, ಎದುರು ಮನೆಯಾತ ಗಿಡದ ಒಣ ಎಲೆಯೊಂದನ್ನು ಬಟ್ಟೆಯಿಂದ ಒರೆಸುವುದನ್ನು ನೋಡಿದ. ಬೆವರು ಕುತ್ತಿಗೆಯಲ್ಲಿ ತಣ್ಣಗಾಯಿತು. ಲೋಟದ ತಳದ ಕೊನೆಯ ಗುಟುಕಿಗೆ ತಲೆ ಹಿಂದಕ್ಕೆ ಬಾಗಿಸಿದಾಗ, ಏನನ್ನೋ ಮರೆತು ಮನೆಯಿಂದ ಹೊರಬಿದ್ದವನ ಹಾಗೆ, ಒಲೆ ಆರಿಸಿದೆನೇ, ನಲ್ಲಿ ನಿಲ್ಲಿಸಿದೆನೇ ಎಂದು ಒಳಗೆ ಒಂದು ತಡಕಾಟ ಶುರುವಾಗಿ, ಗೊತ್ತಾಯಿತು. ನಿಲ್ಲು ಅಂದಿರಲಿಲ್ಲ.

ವರ್ಷದ ಮೊದಲ ತರಗತಿಯಲ್ಲಿ, ಮೈದಾನದಲ್ಲಾಗಲಿ ಫೋನಿನಲ್ಲಾಗಲಿ, ಅವನು ಹೇಳುವ ಮೊದಲ ಮಾತು ಒಂದೇ: ನಾನು ನಿಲ್ಲು ಅನ್ನೋವರೆಗೂ ಯಾರೂ ನಿಲ್ಲೋ ಹಾಗಿಲ್ಲ, ಆಕಾಶ ಕಳಚಿ ಬಿದ್ರೂ ಸರಿ. ಗಡಿಯಾರ ನೋಡಿದ. ಇಪ್ಪತ್ತೆರಡು ನಿಮಿಷ. ಫೋನು ಎತ್ತಿ ಗುಂಡಿ ಒತ್ತಿದ. ಚೌಕಗಳೆಲ್ಲ ಇದ್ದವು, ಅವನು ಹೋದದ್ದು ಯಾರ ಗಮನಕ್ಕೂ ಬಂದಿರಲಿಲ್ಲವೆಂಬುದು ಮೊದಲು ಚುಚ್ಚಿತು. ಕಪ್ಪು ಗೋಡೆಯ ಮುಂದೆ ನಿಂತು ಮಾತಾಡುವವನ ಸಂಕೋಚದಲ್ಲಿ, ಮೆಲ್ಲಗೆ, "ನಿಲ್ಲು" ಅಂದ. ಕೆಳಗಿನ ಸಾಲಿನ ಒಂದು ಚೌಕದಲ್ಲಿ ಮೈಕಿನ ಮೇಲಿನ ಅಡ್ಡಗೆರೆ ಅಳಿಸಿಹೋಯಿತು. ಉಸಿರು ಕೇಳಿಸಿತು. ಹಸಿ ಮರದಲ್ಲಿ ಸಿಕ್ಕಿಕೊಂಡ ಗರಗಸ ಹಿಂದೆ ಮುಂದೆ ಆಡಿದ ಹಾಗೆ, ಒಳಗೆ ಎಳೆದದ್ದು ಪೂರ್ತಿಯಾಗುವ ಮೊದಲೇ ಹೊರಗೆ ಬೀಳುವ ಉಸಿರು. ಇಪ್ಪತ್ತಾರು ವರ್ಷ ಮಕ್ಕಳನ್ನು ಓಡಿಸಿದವನಿಗೆ ಉಸಿರಿನ ಗುರುತು ಸಿಗುತ್ತದೆ; ಇದು ಮಗುವಿನದಲ್ಲ. "ಅಬ್ಬ," ಅಂತು ಒಂದು ಹೆಂಗಸಿನ ದನಿ, "ಹೇಳಿದ್ರಲ್ಲ, ಸದ್ಯ." ಕುರ್ಚಿ ಎಳೆದ ಸದ್ದು. ಅಡ್ಡಗೆರೆ ಮತ್ತೆ ಬಂತು. ಚೌಕದ ಸಂಖ್ಯೆ ಇಪ್ಪತ್ತಮೂರು. "ಹಲೋ," ಅಂದ. "ಇಪ್ಪತ್ತಮೂರು? ಯಾರು ಅದು?" ಸಮಯ ಮುಗಿದು ಚೌಕಗಳು ಒಂದೊಂದಾಗಿ ಮಾಯವಾದವು. ಅವನಿಗೆ ಮೊದಲು ಆದದ್ದು ಸಂತೋಷ. ಇದ್ದಾರೆ. ಒಬ್ಬರು ಇದ್ದಾರೆ. ಹೆದರಿಕೆ ಬಂದದ್ದು ಆಮೇಲೆ. ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂಬುದನ್ನು ಅವನು ಗಮನಿಸಿದ. ಗಮನಿಸದೇ ಇದ್ದಿದ್ದರೆ ಚೆನ್ನಾಗಿತ್ತು.

ಕೋಣೆಯಲ್ಲಿ ಬಾಗಿಲವರೆಗೆ ಹೋದ, ಹಿಂದಕ್ಕೆ ಬಂದ. ಬಾಗಿಲಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ನೆನಪಿನಲ್ಲಿ ಬಿಸಿಲು ಶಾಲೆಯ ಮೈದಾನದ ಆ ತುದಿಯ ನೀರಿನ ಟ್ಯಾಂಕಿನವರೆಗೂ ಹಾಸಿತ್ತು, ಹಿಂದೆಂದೋ ಅವನ ತರಗತಿಯಲ್ಲಿದ್ದ ಒಬ್ಬ ಹುಡುಗಿ ಟ್ಯಾಂಕು ಸುತ್ತಿ ತಿರುಗುತ್ತಿದ್ದಳು. ಎಷ್ಟೋ ವರ್ಷಗಳ ಹಿಂದಿನ ಬಿಸಿಲು, ಆದರೂ ಕಣ್ಣು ಕಿರಿದು ಮಾಡಿಕೊಂಡ. ಅವತ್ತು ಸೀಟಿಯೊಳಗೆ ಎಂಜಲು ಸೇರಿ ಅದು ಊದಿದರೆ ಬುಸ್ ಅಂದಿತ್ತು, ಅವಳು ನಕ್ಕಿದ್ದಳು. ಎಲ್ಲರೂ ನಕ್ಕಿದ್ದರು, ಅವಳದು ಕೇಳಿಸಿತ್ತು. ಸುತ್ತು ಹಾಕು, ನಾನು ನಿಲ್ಲು ಅನ್ನೋವರೆಗೆ. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು, ಪರೀಕ್ಷೆಗೆ ಬೆಂಚು ಎಷ್ಟಿವೆ ಎಣಿಸಬೇಕಂತೆ, ಎಣಿಸಿದ, ಆಗಿನ ಗುಮಾಸ್ತ ತನ್ನ ಷಡ್ಡಕನ ಕತೆಯೊಂದನ್ನು ಹೇಳತೊಡಗಿದ, ಕತೆ ಚೆನ್ನಾಗಿತ್ತು. ಒಂದೂಕಾಲು ಗಂಟೆಯ ಮೇಲೆ ಜಗಲಿಗೆ ಬಂದಾಗ ಮೈದಾನದ ಅಂಚಿನಲ್ಲಿ ಏನೋ ಅಲ್ಲಾಡುತ್ತಿತ್ತು. ಗಾಳಿಗೆ ಸಿಕ್ಕ ಬಟ್ಟೆ ಅಂದುಕೊಂಡ. ಅವಳು ಓಡುತ್ತಿರಲಿಲ್ಲ, ಅವಳ ಕಾಲುಗಳು ಮಾತ್ರ ಹೋಗುತ್ತಿದ್ದವು. "ಸಾಕು, ಹೋಗಿ ನೀರು ಕುಡಿ," ಅಂದ. ನೀರಿನ ವಿಷಯ ಹೇಳಿದೆನಲ್ಲ ಎಂದು ಎಷ್ಟೋ ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಮೂರು ದಿನ ಸಾಲಿನಲ್ಲಿ ಅವಳ ಜಾಗ ಖಾಲಿಯಿತ್ತು. ಯಾಕೆ ಬಂದಿಲ್ಲ ಎಂದು ಕೇಳಬೇಕಾದವ ಅವನು. "ಸಾಲು ಕೂಡಿಸಿ" ಅಂದ, ಮಕ್ಕಳು ಒತ್ತಿಕೊಂಡು ಆ ಜಾಗ ಮುಚ್ಚಿದರು. ನಾಲ್ಕನೇ ದಿನ ಬಂದು ನಿಂತು, ಒಂದು ಅಂದಾಗ ಕೈ ಎತ್ತಿದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನಿಗೆ ಅವಳ ಮೇಲೆ ಕೃತಜ್ಞತೆ ಬಂತು. ಒಂದು ಮಗುವಿಗೆ ಕೃತಜ್ಞನಾಗಿರುವುದು ಸಹಿಸದೆ, ಆ ವರ್ಷ ಪೂರ್ತಿ ಅವಳನ್ನು ಕಣ್ಣಿಗೆ ಬೀಳದಂತೆ ಕೊನೆಯ ಸಾಲಿಗೆ ಹಾಕಿದ.

ಹತ್ತು ಗಂಟೆಗೆ ಹೆಡ್ ಮೇಡಂಗೆ ಫೋನ್ ಮಾಡಿ ಇಪ್ಪತ್ತಮೂರರ ಮನೆಯ ನಂಬರು ಕೇಳಿದ.

"ಯಾಕೆ?"

"ಹಾಜರಿ ವಿಷಯ ಮೇಡಂ."

"ಹಾಜರಿಗೇನಾಗಿದೆ? ನಲವತ್ತೊಂದಕ್ಕೆ ನಲವತ್ತೊಂದು. ಶಾಲೆ ಶುರುವಾದಾಗಿಂದ ಇಂಥ ಹಾಜರಿ ನಾನು ನೋಡಿಲ್ಲ."

"ಮಾಡ್ತಾರೋ ಇಲ್ವೋ ಅಂತ..."

"ಅದನ್ನ ಕೇಳಬೇಡಿ ಮೇಷ್ಟ್ರೇ. ಕೇಳಿದ್ರೆ ಉತ್ತರ ಬರುತ್ತೆ." ಆದರೂ ನಂಬರು ಕೊಟ್ಟರು. "ನಾನೂ ಒಂದು ದಿನ ಬಂದು ನೋಡ್ತೀನಿ ಬಿಡಿ, ನಿಮ್ಮ ಡ್ರಿಲ್ಲು."

ಫೋನು ಎತ್ತಿದ್ದು ಇಪ್ಪತ್ತಮೂರನೇ ನಂಬರಿನ ಹುಡುಗಿಯ ತಾಯಿ. "ನಮಸ್ಕಾರ ಸಾರ್. ದಿನಾ ಮಾಡ್ತಾಳೆ ಸಾರ್, ಒಂದು ದಿನ ತಪ್ಪಿಸಲ್ಲ." ಹಿಂದಿನಿಂದ ಆಕಳಿಕೆಯ ಮಧ್ಯೆ ಒಂದು ಎಳೆಯ ದನಿ ಕೇಳಿತು: "ಯಾರಮ್ಮಾ, ಪೀಪಿನಾ?" "ಶ್!" ಅಂದಳು ತಾಯಿ, ಫೋನಿಗೆ ಕೈ ಅಡ್ಡ ಹಿಡಿದು, ಸಾಕಷ್ಟು ಹಿಡಿಯದೆ. ಅವನು ಕೇಳಿಸದವನ ಹಾಗೆ, ಇವತ್ತು ಕ್ಲಾಸಿನಲ್ಲಿ ಯಾರೋ ದೊಡ್ಡವರ ದನಿ ಕೇಳಿಸಿತು, ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದ. "ನಮ್ಮಕ್ಕ ಇದಾಳೆ ಸಾರ್. ಅವಳ ರೂಮಿನ ಕಿಟಕೀಲಿ ಮಾತ್ರ ನೆಟ್ ಸಿಗೋದು, ಅದಕ್ಕೆ ಕ್ಲಾಸಿನ ಫೋನ್ ಅಲ್ಲಿ ಇಡ್ತೀವಿ. ಇವಳು ಅಲ್ಲೇ ನಿಂತು ಮಾಡ್ತಾಳೆ." ಸುಳ್ಳು ಹೇಳುವಾಗ ಅವಳ ದನಿ ಸ್ವಲ್ಪ ಗಟ್ಟಿಯಾಗುತ್ತಿತ್ತು. "ಅಕ್ಕ ಮಲಗಿರ್ತಾಳೆ. ಈ ಕಾಯಿಲೆ ಬಂದು ಹತ್ತೊಂಬತ್ತು ದಿನ ಆಸ್ಪತ್ರೇಲಿದ್ಲು ಸಾರ್, ಬಂದು ಎರಡು ತಿಂಗಳಾಯ್ತು. ಬಚ್ಚಲಿಗೆ ಹೋಗೋದು ಬಿಟ್ರೆ ಏಳೋಕೇ ಬಿಡಲ್ಲ ನಾನು. ಊಟ, ನೀರು, ಎಲ್ಲ ಕೈಗೇ. ಎದ್ದು ಕೂತ್ರೂ ಬೈತೀನಿ. ಯಾಕೆ ಸಾರ್, ತೊಂದರೆ ಆಯ್ತಾ?"

ಇಲ್ಲ, ಸುಮ್ಮನೆ ಕೇಳಿದೆ, ಅಂದು ಫೋನಿಟ್ಟ. ಇಟ್ಟ ಮೇಲೆ ಅವನ ಮನಸ್ಸು ಸುಮ್ಮನೆ ಇರಲಿಲ್ಲ. ಆಕೆ ಕದ್ದು ಮಾಡುತ್ತಿದ್ದಾಳೆ. ಮನೆಯವರೆಲ್ಲ ಮಲಗಿರುವಾಗ, ಬಾಗಿಲು ಹಾಕಿಕೊಂಡು, ಉಸಿರಿಗೆ ಗತಿಯಿಲ್ಲದವಳು, ತಾನು ಚಹಾ ಕುಡಿಯುತ್ತಿದ್ದ ಇಪ್ಪತ್ತೆರಡು ನಿಮಿಷವೂ. ಈಗ ಹೇಗಿದ್ದಾಳೆ? ತಂಗಿಗೆ ಹೇಳಿಬಿಟ್ಟರೆ ನಾಳೆಯಿಂದ ಆ ಫೋನು ಆ ಕಿಟಕಿಯಲ್ಲಿ ಇರುವುದಿಲ್ಲ. ನಲವತ್ತೊಂದರಲ್ಲಿ ಇದ್ದ ಒಬ್ಬಳೂ ಹೋದಳು. ಹೇಳದಿದ್ದರೆ ಆಕೆಯ ಗುಟ್ಟು ಕಾಪಾಡಿದ ಹಾಗಾಯಿತು. ಅಥವಾ ಸಾಲು ಕೂಡಿಸಿದ ಹಾಗಾಯಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗಿನಿಂದ ನೋಡಿದರೂ ಅವನಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಸಂಜೆಯವರೆಗೆ ಎರಡು ಸಲ ಆ ನಂಬರು ಒತ್ತಿ, ಗಂಟೆ ಬಾರಿಸುವ ಮೊದಲೇ ಕಡಿದ.

ಶುಕ್ರವಾರ ಆರೂವರೆಗೆ ಸ್ಟೂಲಿನ ಎದುರು ಕುರ್ಚಿ ಹಾಕಿಕೊಂಡು ಕೂತ. ಇಪ್ಪತ್ತಮೂರು ಇತ್ತು. ಆ ಕಪ್ಪು ಚೌಕ ಉಳಿದ ಕಪ್ಪು ಚೌಕಗಳಿಗಿಂತ ಹೆಚ್ಚು ಕಪ್ಪಾಗಿ ಕಂಡಿತು. "ಇವತ್ತು ಕುರ್ಚಿ ಡ್ರಿಲ್," ಅಂದ. "ಕೂತೇ ಮಾಡೋದು. ದಮ್ಮು ಬಂದವರು ನಾನು ಹೇಳೋವರೆಗೂ ಕಾಯಬೇಡಿ." ನಾಲ್ಕು ಎಣಿಸಿದ, ನಿಲ್ಲು ಅಂದ. ಮತ್ತೆ ನಾಲ್ಕು, ಮತ್ತೆ ನಿಲ್ಲು. ಇಷ್ಟು ಸಲ ಆ ಮಾತನ್ನು ಅವನು ಒಂದು ವರ್ಷದಲ್ಲೂ ಆಡಿರಲಿಲ್ಲ. ಆಮೇಲೆ, "ನಿನ್ನೆ ನಾನು ಹೋದ ಮೇಲೂ ಮಾಡ್ತಾ ಇದ್ದವರು ಯಾರಾದ್ರೂ ಇದ್ರೆ, ಕೈ ಗುರುತು ಒತ್ತಿ," ಅಂದ. ಕಾದ. ಇಪ್ಪತ್ತಮೂರರ ಮೂಲೆಯಲ್ಲಿ ಒಂದು ಪುಟ್ಟ ಹಳದಿ ಕೈ ಎದ್ದಿತು. ಮೈಕಿನ ಅಡ್ಡಗೆರೆ ಹೋಯಿತು.

"ಮೇಷ್ಟ್ರೇ," ದನಿ ಪಿಸುಗುಟ್ಟಿತು, "ನಾನು ಹುಡುಗಿ ಅಲ್ಲ."

"ಗೊತ್ತು."

"ಅವಳ ದೊಡ್ಡಮ್ಮ. ಅವಳು ಫೋನ್ ಹಚ್ಚಿಟ್ಟು ಹೋಗಿ ಮಲಗ್ತಾಳೆ. ಬೈಬೇಡಿ, ಬೆಳೆಯೋ ಮಗು."

"ಬೈಯಲ್ಲ. ಎಷ್ಟು ದಿನದಿಂದ ಮಾಡ್ತಿದೀರಿ?"

"ಮೊದಲ್ನೇ ದಿನ ಬರೀ ನೋಡಿದೆ. ನೀವು ಎಂಟು ಸಲ ಎಗರಿ ಗೋಡೆ ಹಿಡ್ಕೊಂಡ್ರಲ್ಲ, ಅವಾಗ ಅನ್ನಿಸ್ತು. ಡ್ರಿಲ್ ಮೇಷ್ಟ್ರಿಗೇ ಇಷ್ಟು ಕಷ್ಟ ಆದ್ರೆ ನಾನೂ ಶುರು ಮಾಡಬಹುದು ಅಂತ."

ಅವನಿಗೆ ಮುಖ ಬಿಸಿಯಾಯಿತು. ಆ ಗೋಡೆ ಹಿಡಿದದ್ದನ್ನು ಯಾರೂ ನೋಡಿಲ್ಲವೆಂದುಕೊಂಡು ಐದು ವಾರ ನೆಮ್ಮದಿಯಾಗಿದ್ದ. ಜೊತೆಗೇ, ಐದು ವಾರ ತನ್ನನ್ನು ಒಬ್ಬರು ನೋಡುತ್ತಿದ್ದರು ಎಂಬುದು ಮೆಲ್ಲಗೆ ಒಳಗಿಳಿಯಿತು.

"ಡಾಕ್ಟ್ರು ದಿನಾ ಸ್ವಲ್ಪ ಸ್ವಲ್ಪ ಕೈಕಾಲು ಆಡಿಸಿ ಅಂದೇ ಕಳಿಸಿದ್ರು," ಅಂದಳು ದೊಡ್ಡಮ್ಮ. "ನನ್ನ ತಂಗಿಗೆ ಅದು ಮಾತ್ರ ಕೇಳಿಸಿಲ್ಲ. ಅವಳಿಗೆ ಭಯ, ಪಾಪ. ಮೂವತ್ತು ವರ್ಷ ಬಸ್ ಸ್ಟ್ಯಾಂಡಲ್ಲಿ ಟಿಕೆಟ್ ಕೊಟ್ಟವಳು ನಾನು. ಎಲ್ರನ್ನೂ ಊರೂರಿಗೆ ಕಳಿಸಿ ನಾನು ಕೂತೇ ಇದ್ದೆ. ಈಗ ಸ್ವಂತ ಕಾಲಲ್ಲಿ ಬಚ್ಚಲಿಗೆ ಹೋಗಿ ಬರ್ತೀನಿ. ಅದು ಹೇಗೆ ಅಂತ ಮನೇಲಿ ಯಾರಿಗೂ ಹೊಳೆದಿಲ್ಲ."

"ನಿನ್ನೆ ಅಷ್ಟು ಹೊತ್ತು ಯಾಕೆ ಮಾಡಿದ್ರಿ?"

"ಕುರ್ಚಿ ಬೆನ್ನು ಹಿಡ್ಕೊಂಡು ಹಿಮ್ಮಡಿ ಎತ್ತಿದೆ ಅಷ್ಟೆ. ಓಟ ಅಂತ ನೀವು ಅನ್ನಬೇಕು. ನೀವು ನಿಲ್ಲು ಅನ್ನಲಿಲ್ಲ. ಅದೂ ಅಲ್ದೆ, ಒಂದ್ಸಲ ನಿಲ್ಲಿಸಿದ್ರೆ ಮತ್ತೆ ಶುರು ಮಾಡೋಕಾಗಲ್ವೇನೋ ಅಂತ ನನಗೆ."

ಫೋನು ಬಿತ್ತು ಅನ್ನಲು ಬಾಯಿ ತೆರೆದ. ಅದು ನಿಜವಾಗಿತ್ತು. ಇಷ್ಟು ಅನುಕೂಲದ ನಿಜ ಯಾವಾಗಲೂ ಸಿಗುವುದಿಲ್ಲ. "ಫೋನು ಬಿತ್ತು," ಅಂದ. "ಎತ್ತಬಹುದಿತ್ತು. ಎತ್ತಿ, ಮತ್ತೆ ಕೆಳಗಿಟ್ಟೆ. ಯಾರೂ ಇಲ್ಲ ಅಂದ್ಕೊಂಡು ಚಹಾ ಕುಡಿದೆ. ತಪ್ಪಾಯ್ತು." ಕೊನೆಯ ಮಾತು ಇಪ್ಪತ್ತಮೂರಕ್ಕೆ ಹೇಳಿದ್ದು, ಆದರೆ ಹೊರಗೆ ಬರುವಾಗ ಅದರ ಭಾರ ನೋಡಿದರೆ ಬಹಳ ದಿನದಿಂದ ಬೇರೆ ಎಲ್ಲಿಗೋ ಹೋಗಬೇಕಿದ್ದ ಮಾತು.

"ಸಕ್ಕರೆ ಹಾಕಿದ್ರಾ?"

"ಹಾಕಿದೆ."

"ಹಾಕಬೇಡಿ. ಹೊಟ್ಟೆ ಈಗ ತಾನೇ ಇಳೀತಿದೆ."

ಯಾವುದೋ ಚೌಕದಿಂದ ಕಿಸಕ್ಕನೆ ನಗು ಕೇಳಿತು. ಇನ್ನೊಂದರಿಂದ ಅದನ್ನು ಅದುಮುವ ಸದ್ದು. ಹಾಗಾದರೆ ಇನ್ನೂ ಇದ್ದರು. ಅವನ ಕೈ ಅಭ್ಯಾಸಬಲದಿಂದ ಸೀಟಿಯ ಕಡೆ ಹೋಗಿ, ಮುಟ್ಟಿ, ಹಿಂದಕ್ಕೆ ಬಂತು. "ಬನ್ನಿ," ಅಂದ, ದನಿಯಲ್ಲಿ ತಾನೇ ಗುರುತಿಸಲಾಗದ ಒಂದು ಲಘುತ್ವ, "ಕೂತಲ್ಲೇ ಮಂಡಿ ಎತ್ತೋಣ. ಎಲ್ಲರೂ. ಒಂದು. ಎರಡು. ಮೂರು."

ಗಾಜು ಬಿಳಿಯಾಯಿತು. ತರಗತಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದು ಬಂತು. ಅರ್ಥವಾಗುವ ಮೊದಲೇ ಫೋನು ರಿಂಗಾಯಿತು.

"ನಾನು ಆಫೀಸಿನ ಹೆಸರಲ್ಲಿ ಒಳಗಿದ್ದೆ," ಅಂದರು ಹೆಡ್ ಮೇಡಂ. ಎರಡನೇ ಪುಟದ ಚೌಕಗಳನ್ನು ಅವನು ಸರಿಸಿ ನೋಡಿರಲಿಲ್ಲ. "ನಾನೇ ಮುಚ್ಚಿದೆ. ಏನು ಮೇಷ್ಟ್ರೇ ಇದು? ಕ್ಲಾಸು ಬಿಟ್ಟು ಚಹಾ ಕುಡಿದೆ ಅಂತ ಮಕ್ಕಳ ಎದುರಿಗೇ ಹೇಳ್ತೀರಿ. ಅದು ಹೋಗಲಿ. ಯಾರೋ ಕಾಯಿಲೆ ಬಿದ್ದ ಹೆಂಗಸಿಗೆ ನಮ್ಮ ಶಾಲೆ ಡ್ರಿಲ್ ಮಾಡಿಸ್ತಿದೆ. ನಾಳೆ ಆಕೆಗೆ ಏನಾದ್ರೂ ಆದ್ರೆ ಶಾಲೆ ಬಾಗಿಲು ಹಾಕಿಸ್ತಾರೆ."

"ಬಾಗಿಲು ಹಾಕೇ ಇದೆ ಮೇಡಂ," ಅಂದ. ಅಣಕವಲ್ಲ, ಅವನ ಮನಸ್ಸು ಬೇರೆಡೆ ಇತ್ತು. ಮೂರು ಅಂದಿದ್ದ. ನಾಲ್ಕು ಅಂದಿರಲಿಲ್ಲ. ನಿಲ್ಲು ಅಂದಿರಲಿಲ್ಲ. ಇಪ್ಪತ್ತಮೂರರ ಕೋಣೆಯಲ್ಲಿ, ಬೆಳಕಾರಿದ ಫೋನಿನ ಎದುರು, ಒಂದು ಮಂಡಿ ಏಳುತ್ತಿರಬೇಕು, ಇಳಿಯುತ್ತಿರಬೇಕು. ನಿನ್ನೆ ಇಪ್ಪತ್ತೆರಡು ನಿಮಿಷ ಆಗಿದೆ; ಇವತ್ತು ಎಷ್ಟಾಗಬಹುದು? ಮೇಡಂ ಜವಾಬ್ದಾರಿಯ ವಿಷಯ ಹೇಳುತ್ತಿದ್ದರು. "ಒಂದು ನಿಮಿಷ," ಅಂದು ಅವನು ಅವರ ಮಾತಿನ ನಡುವೆಯೇ ಫೋನು ಕಡಿದ. ಇಪ್ಪತ್ತಾರು ವರ್ಷದಲ್ಲಿ ಅವರು ಕೂತುಕೊಳ್ಳಿ ಅನ್ನುವ ಮೊದಲು ಅವನು ಕೂತದ್ದೂ ಇರಲಿಲ್ಲ. ಇನ್ನೊಂದು ನಂಬರು ಒತ್ತಿದ. ಗಂಟೆ ಹೋಗುತ್ತಲೇ ಇತ್ತು. ಈ ಸಲ ಕಡಿಯಲಿಲ್ಲ. ತಾನಾಗಿಯೇ ಕಡಿದುಹೋಯಿತು, ಮತ್ತೆ ಒತ್ತಿದ.

"ಸಾರ್?" ನಿದ್ದೆಯ ದನಿ, ಹುಡುಗಿಯ ತಾಯಿ. "ಇಷ್ಟು ಬೆಳಿಗ್ಗೆ..."

"ನಿಮ್ಮಕ್ಕನಿಗೆ ನಿಲ್ಲು ಅಂತ ಹೇಳಿ."

"ಏನು ಸಾರ್?"

"ದಿನಾ ಡ್ರಿಲ್ ಮಾಡ್ತಿರೋದು ನಿಮ್ಮ ಮಗಳಲ್ಲ, ಅವರು. ಈಗಲೂ ಮಾಡ್ತಿದಾರೆ. ಕ್ಲಾಸು ಕಡಿದುಹೋಯ್ತು, ನಾನು ನಿಲ್ಲು ಅಂದಿಲ್ಲ. ಅನ್ನದೆ ಅವರು ನಿಲ್ಲಿಸಲ್ಲ. ನೀವು ಹೋಗಿ ಹೇಳಿ, ಬೇಗ."

ಹೇಳಿಯಾಯಿತು. ಕೊಟ್ಟುಬಿಟ್ಟಾಯಿತು, ಆಕೆಯ ಗುಟ್ಟನ್ನೂ, ತನ್ನ ಒಬ್ಬಳನ್ನೂ. ಆ ಕಡೆ ಚಪ್ಪಲಿಯ ಸದ್ದು, ಬಾಗಿಲು ದೂಡಿದ ಸದ್ದು. ಫೋನು ತಂಗಿಯ ಕೈಯಲ್ಲೇ ತೂಗಾಡುತ್ತಿತ್ತೆಂದು ಕಾಣುತ್ತದೆ. ಮಾತು ಹತ್ತಿರ ಬಂದು ದೂರ ಹೋಗುತ್ತಿತ್ತು.

"ಏನೇ ಇದು ಅಕ್ಕ? ಮೈಯೆಲ್ಲ ಬೆವರು!"

"ಬೆವರು ಕಣೆ. ರಕ್ತ ಅಲ್ವಲ್ಲ."

"ಬಿದ್ದಿದ್ರೆ? ನಾನು ಆಚೆ ಮಲಗಿದೀನಿ. ಹಾಸಿಗೆ ಬಿಟ್ಟು ಏಳಬೇಡ ಅಂತ ದಿನಾ ಬಡ್ಕೋತೀನಿ."

"ನೀನು ಬಡ್ಕೊ, ನಾನು ಎದ್ದೇಳ್ತೀನಿ. ಬಚ್ಚಲಿಗೆ ನನ್ನ ಎತ್ಕೊಂಡು ಹೋಗೋದು ಯಾವತ್ತು ನಿಂತಿತು ಹೇಳು? ನಿಂಗೇ ಸುಸ್ತಾಗಿ ಬಿಟ್ಟೆ ಅಂದ್ಕೊಂಡ್ಯಾ?"

ತಂಗಿ ಮೂಗು ಎಳೆದುಕೊಂಡಳು. ಅಳುವೋ ಸಿಟ್ಟೋ ಫೋನಿನಲ್ಲಿ ಗೊತ್ತಾಗಲಿಲ್ಲ. ಆಮೇಲೆ ಅವಳ ದನಿ ಹತ್ತಿರವಾಯಿತು. "ಸಾರ್, ಅವಳು ಆಗಲೇ ನಿಲ್ಲಿಸಿದ್ಲು. ನಾನು ಹೋದಾಗ ಕಾಲು ಚಾಚಿ ನೀರು ಕುಡೀತಾ ಕೂತಿದ್ಲು. ಸುಸ್ತಾಯ್ತು, ನಿಲ್ಲಿಸಿದೆ ಅಂತಾಳೆ. ಅದಕ್ಕೆ ಯಾರು ಹೇಳಬೇಕು ಅಂತಾಳೆ."

"ಆಗಲೇನಾ?"

"ಹೂಂ ಸಾರ್. ಅವಳಿಗೆ ಕೊಡ್ಲಾ ಫೋನು?"

"ಬೇಡ. ದಣಿದಿರ್ತಾರೆ," ಅಂದ. ಅಂದ ಮೇಲೆ, ಕೊಡಿ ಅನ್ನಬಹುದಿತ್ತು ಎಂದು ಹೊಳೆಯಿತು. ಅಷ್ಟರಲ್ಲಿ ಅವಳು ಇಟ್ಟಿದ್ದಳು. ಎದೆಯಿಂದ ಒಂದು ಕಲ್ಲು ಇಳಿದಿತ್ತು, ಅದು ನಿಜ. ಕಲ್ಲು ಇದ್ದ ಜಾಗ ಈಗ ಖಾಲಿಯಿತ್ತು, ಅದೂ ನಿಜ. ಕಂಬಳಿಯನ್ನು ನಾಲ್ಕು ಮಡಿಕೆಯಿಂದ ಎಂಟು ಮಡಿಕೆ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ. ಫೋನು ಮತ್ತೆ ರಿಂಗಾಯಿತು, ಹೆಡ್ ಮೇಡಂದು. ಎತ್ತಿಕೊಂಡ.

ಡ್ರಿಲ್ ತರಗತಿ ಸೋಮವಾರದಿಂದ ರದ್ದಾಯಿತು. ಇಪ್ಪತ್ತಮೂರರ ಮನೆಯಿಂದ ಫೋನು ಬರಲಿಲ್ಲ. ದೊಡ್ಡಮ್ಮ ಈಗ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ತಾರಸಿಯ ಮೇಲೆ ನಡೆಯುತ್ತಾರೆಂದು, ಒಂದೂವರೆ ತಿಂಗಳಾದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಹೆಡ್ ಮೇಡಂ ಹೇಳಿದರು.